ನಗುವವರಿಗೆ ಬಿಟ್ಟ ಜಾಗ

೧೯೩೪ರಲ್ಲಿ ನಾನು ಗ್ರಾಮಫೋನ್ ಕಂಪನಿಯೊಂದರ ಅರಸೀಕೆರೆ ಏಜೆಂಟನಾಗಿದ್ದೆ. ವಯಸ್ಸು ಇಪ್ಪತ್ತಾರು. ಸ್ಟೇಷನ್ನಿನ ಎದುರಿನ ಕೊಠಡಿಯಲ್ಲಿ ಮೆಷಿನ್ನು, ಸೂಜಿ, ಪ್ಲೇಟು ಮಾರುವುದು ಒಂದು ಕೆಲಸ. ರೆಕಾರ್ಡನ್ನು ಆಗ ಎಲ್ಲರೂ ಪ್ಲೇಟು ಎಂದೇ ಕರೆಯುತ್ತಿದ್ದರು. ಸುತ್ತಮುತ್ತಲ ಕಲಾವಿದರನ್ನು ಹುಡುಕಿ ಬೆಂಗಳೂರಿಗೆ ರೆಕಾರ್ಡಿಂಗಿಗೆ ಕರೆದೊಯ್ಯುವುದು ಇನ್ನೊಂದು ಕೆಲಸ. ಈ ಕಸುಬಿನಲ್ಲಿ ನನಗೆ ತಿಳಿಯದ್ದೇ ಇಲ್ಲ ಎಂಬ ಧಿಮಾಕೂ ಸಾಕಷ್ಟಿತ್ತು.

ಜಾವಗಲ್ಲಿನ ಗಿರಿಯಪ್ಪ ಒಂದು ನಾಟಕ ಕಂಪನಿಯ ಹಾಸ್ಯಗಾರ. ಹದಿನಾಲ್ಕನೇ ವಯಸ್ಸಿಗೆ ಪರದೆ ಎಳೆಯಲು ಸೇರಿದವರು, ಒಂದು ದಿನ ಆಳಿನ ಪಾತ್ರದವನಿಗೆ ಜ್ವರ ಬಂದಾಗ ರಂಗ ಹತ್ತಿದರು, ಮತ್ತೆ ಇಳಿಯಲಿಲ್ಲ. ಮನೆಯ ಒಬ್ಬಟ್ಟನ್ನೆಲ್ಲ ತಾನೇ ತಿಂದು ತಪ್ಪನ್ನು ಬೆಕ್ಕಿನ ಮೇಲೆ ಹಾಕುವ ಆಳಿನ ಪಾತ್ರ ಅವರಿಗೆ ಹೆಸರು ತಂದಿತ್ತು. ಅದನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನೋಡದೆ ಉಳಿದವರು ಒಬ್ಬರೇ, ಬೇಲೂರಿನಲ್ಲಿದ್ದ ಅವರ ಹೆಂಡತಿ ನಾಗಮ್ಮ. ಮಗಳು ಎಂದೂ ನಾಟಕದ ಥಿಯೇಟರಿಗೆ ಕಾಲಿಡಕೂಡದು ಎಂದು ಮಾವ ಮದುವೆಯ ಮಾತುಕತೆಯಲ್ಲೇ ಭಾಷೆ ತೆಗೆದುಕೊಂಡಿದ್ದರಂತೆ. ಮಾವ ತೀರಿಕೊಂಡ ಮೇಲೂ ಗಂಡಹೆಂಡಿರು ಆ ಮಾತು ಮೀರಿರಲಿಲ್ಲ.

ಅದೇ ಹೊತ್ತಿಗೆ ಮಾತನಾಡುವ ಚಿತ್ರಗಳು ಬಂದು ನಾಟಕ ಕಂಪನಿಗಳ ಕೈಕಾಲು ಕಟ್ಟಿದ್ದವು. ಗಿರಿಯಪ್ಪನವರ ಕಂಪನಿಯೂ ಇಂದೋ ನಾಳೆಯೋ ಎನ್ನುವಂತಿತ್ತು. ಪ್ಲೇಟಿನ ಪ್ರಸ್ತಾಪ ತೆಗೆದಾಗ ಅವರು ಸಂಭಾವನೆ ಕೇಳಲಿಲ್ಲ.

"ಕಂಪ್ನಿ ಮುಚ್ಚೋದ್ರೊಳಗೆ ನಮ್ಮನೇವ್ಳು ಒಂದ್ಸಲ ಕೇಳ್ಬೇಕು ಸ್ವಾಮಿ. ಪ್ಲೇಟು ಮನೇಗೆ ಬತ್ತದಲ್ಲ, ಅವ್ಳು ಥೇಟ್ರಿಗೆ ಹೋದಂಗೇನೂ ಆಗಲ್ಲ" ಎಂದರು. ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ.

ಬೆಂಗಳೂರಿನ ರೆಕಾರ್ಡಿಂಗ್ ರೂಮಿನ ಗೋಡೆಗಳಿಗೆಲ್ಲ ಕಂಬಳಿ ಹೊದಿಸಿದ್ದರು. ಮೈಕಿನಿಂದ ಬಂದ ದನಿಯನ್ನು ದಪ್ಪನೆಯ ಮೇಣದ ತಟ್ಟೆಯ ಮೇಲೆ ಕೊರೆಯುತ್ತಿದ್ದರು. ಒಂದು ಬದಿಗೆ ಮೂರು ನಿಮಿಷ, ಅಷ್ಟೇ. ಮೇಣವನ್ನು ಹಾಕಿ ಕೇಳುವಂತಿಲ್ಲ, ಸೂಜಿ ತಗುಲಿದರೆ ಹಾಳು. ಕಾರ್ಖಾನೆಯಿಂದ ಸ್ಯಾಂಪಲ್ ಪ್ಲೇಟು ಬಂದ ಮೇಲೆಯೇ ಹಣೆಬರಹ ತಿಳಿಯುವುದು. ಗಿರಿಯಪ್ಪನವರಿಗೆ ಎರಡು ಮೇಣ, ಎಂದರೆ ಎರಡು ಸಲ ಹೇಳುವ ಅವಕಾಶ ಕೊಟ್ಟಿದ್ದರು.

"ನಡುವೆ ಎಲ್ಲೂ ನಿಲ್ಲಿಸಬೇಡಿ, ಒಂದೇ ಉಸಿರಿಗೆ ಹೇಳಿಬಿಡಿ" ಎಂದು ನಾನೇ ಉಪದೇಶ ಮಾಡಿದೆ. ಅವರು ಹಾಗೆಯೇ ಮಾಡಿದರು. ಪಂಚಾಂಗ ಓದಿದಂತಿತ್ತು. ರೆಕಾರ್ಡಿಂಗಿನ ಕೆಂಪು ದೀಪ ಆರಿದ ಮೇಲೆ ಹಣೆ ಒರೆಸಿಕೊಂಡು ನನ್ನ ಮುಖ ನೋಡಿದರು.

"ನಗೋರಿಗೆ ಜಾಗ ಬಿಡ್ದೆ ಮಾತಾಡಾಕೆ ನಂಗೆ ಬರಾಕಿಲ್ಲ ಸ್ವಾಮಿ."

"ಇಲ್ಲಿ ನಗುವವರು ಯಾರಿದ್ದಾರೆ?"

"ಇಲ್ಲಿಲ್ಲ, ಕೇಳೋ ಕಡೆ ಇರ್ತಾರಲ್ಲ."

ಎರಡನೆಯ ಮೇಣ ಅವರ ಇಷ್ಟದಂತೆ ಆಯಿತು. "ಬೆಕ್ಕೇ ತಿಂದಿದ್ದು ಅಮ್ಮಾವ್ರೇ, ಕಣ್ಣಾರೆ ನೋಡ್ದೆ" ಎಂದು ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ತುಪ್ಪ ಸಾಲ್ದು ಅಂತಿತ್ತು" ಎಂದು ಮತ್ತೆ ನಿಂತರು. ಹೀಗೆ ನಾಲ್ಕು ಕಡೆ. ನಾನು ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಆ ಎರಡನೆಯದರ ಸ್ಯಾಂಪಲ್ ಬಂತು, ಅಭಿಪ್ರಾಯ ಕೇಳಿದ ಪತ್ರವೂ ಬಂತು. ಅಂಗಡಿಯಲ್ಲಿ ಒಬ್ಬನೇ ಕೂತು ಕೇಳಿದೆ, ನಗು ಬರಲಿಲ್ಲ. "ನಾಲ್ಕು ಕಡೆ ಖಾಲಿ ಬಿದ್ದಿದೆ. ಪ್ಲೇಟು ಕೆಟ್ಟಿದೆಯೆಂದು ಗಿರಾಕಿಗಳು ವಾಪಸು ತರುತ್ತಾರೆ, ಮಾರಾಟಕ್ಕೆ ಬೇಡ" ಎಂದು ಬರೆದು ಅಂಚೆಗೆ ಹಾಕಿದೆ. ಗಿರಿಯಪ್ಪನವರಿಗೆ ಕೊಟ್ಟ ಮಾತಾದರೂ ಉಳಿಯಲಿ ಎಂದು ಆ ವಾರವೇ ಸ್ಯಾಂಪಲ್ಲನ್ನೂ ಮೆಷಿನ್ನನ್ನೂ ಹೊತ್ತು ಜಾವಗಲ್, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪ್ಲೇಟು ತೊಡೆಯ ಮೇಲೆಯೇ ಇತ್ತು. ಪತ್ರದ ಸಂಗತಿ ಹೇಗೆ ಹೇಳುವುದೋ ತಿಳಿಯದೆ ಒದ್ದಾಡಿದೆ.

ಬೇಲೂರಿನ ಮನೆಯಲ್ಲಿ ನಾಗಮ್ಮ ಬಾಗಿಲ ಪಕ್ಕ ಕೂತರು. ಊರನ್ನೆಲ್ಲ ನಗಿಸಿದ ಗಿರಿಯಪ್ಪ ಮಾತ್ರ ಹೆದರಿ ಜಗಲಿಗೆ ಹೋಗಿ ಬೀದಿ ನೋಡುತ್ತ ನಿಂತುಬಿಟ್ಟರು. ನಾನು ಕೀಲಿ ಕೊಟ್ಟು ಸೂಜಿ ಇಟ್ಟೆ. ಮೊದಲ ಖಾಲಿ ಜಾಗ ಬಂತು. ನಾಚಿಕೆಯಾಗಿ ಸೂಜಿ ಎತ್ತಲು ಕೈ ಚಾಚಿದೆ.

"ತೆಗೀಬ್ಯಾಡಿ ಅಣ್ಣಾ" ಎಂದರು ನಾಗಮ್ಮ.

ತುಪ್ಪದ ಮಾತು ಬಂದು ದನಿ ನಿಂತಿತು. ನಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡರು, ಆದರೂ ನಗು ತಡೆಯಲಾಗಲಿಲ್ಲ. ಅವರ ನಗು ಮುಗಿಯುವುದಕ್ಕೂ ಗಿರಿಯಪ್ಪನವರ ಮುಂದಿನ ಮಾತು ಬರುವುದಕ್ಕೂ ಸರಿಹೋಯಿತು. ಪ್ಲೇಟು ಮುಗಿದಾಗ ನಾಗಮ್ಮನವರ ಕಣ್ಣು ತುಂಬಿತ್ತು.

"ಕೆರೆ ಮಗ್ಗುಲಾಗೆ ಕಂಪ್ನಿಯೋರು ಕ್ಯಾಂಪು ಹಾಕಿದ್ರಲ್ಲ, ಆವಾಗ ಹಿತ್ಲಲ್ಲಿ ನಿಂತ್ರೆ ಜನ ನಗೋದು ಕೇಳ್ಸೋದು. ಇವರು ಹೇಳೋ ಮಾತು ಮಾತ್ರ ಕೇಳ್ತಿರ್ಲಿಲ್ಲ. ಎರಡು ತಿಂಗ್ಳು ಬರೀ ನಗು ಕೇಳಿದೀನಿ. ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ನಗ್ತಾರೆ ಅಂತ ನಂಗೆ ಬಾಯ್ಪಾಠ ಐತೆ. ಇವತ್ತು ಮಾತು ಸಿಕ್ತು."

ಜಗಲಿಯಿಂದ ಗಿರಿಯಪ್ಪ ಒಳಗೆ ಬರಲೇ ಇಲ್ಲ. ಅವರ ಹೆಗಲು ಅಲುಗುತ್ತಿತ್ತು. ನಗುವೋ ಅಳುವೋ ನಾನು ನೋಡಲು ಹೋಗಲಿಲ್ಲ.

ಅರಸೀಕೆರೆಗೆ ಮರಳಿದವನೇ ನನ್ನ ಅಭಿಪ್ರಾಯ ತಪ್ಪು, ಪ್ಲೇಟು ಹೊರಬರಲೇಬೇಕು ಎಂದು ತಂತಿ ಕೊಟ್ಟೆ. ಪ್ಲೇಟು ಒತ್ತುವ ಲೋಹದ ಅಚ್ಚನ್ನು ಆಗಲೇ ಕರಗಿಸಿಯಾಗಿದೆ ಎಂದು ಉತ್ತರ ಬಂತು. ಬೇಲೂರಿಗೆ ಹೋಗಿ ಗಿರಿಯಪ್ಪನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. "ಕೇಳ್ಬೇಕಾದೋಳು ಕೇಳಿದ್ಲು ಬಿಡಿ ಸ್ವಾಮಿ" ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹಳೆಯ ಮೆಷಿನ್ನೊಂದನ್ನು ಅವರ ಮನೆಯಲ್ಲಿ ಬಿಟ್ಟು ಬಂದೆ. ಮುಂದಿನ ವರ್ಷ ನಾಟಕ ಕಂಪನಿ ಮುಚ್ಚಿತು. ಯುದ್ಧದ ಕಾಲದಲ್ಲಿ ಗಿರಿಯಪ್ಪ ತೀರಿಕೊಂಡರು.

ಮೂವತ್ತು ವರ್ಷ ದನಿ ಮಾರಿದವನು ನಾನು. ಮಾತುಗಾರನು ಬಿಟ್ಟ ಜಾಗ ಕೇಳುಗರದು, ಅದನ್ನು ಖಾಲಿ ಎನ್ನುವ ಹಕ್ಕು ನಡುವಿನವನಿಗಿಲ್ಲ. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಮನೆಯಲ್ಲಿ ನೂರಾರು ಪ್ಲೇಟುಗಳಿವೆ. ಕೇಳಬೇಕೆಂದು ಜೀವ ಹಂಬಲಿಸುವುದು ಆ ಒಂದನ್ನೇ.

ಯುದ್ಧ ಮುಗಿದ ಮೇಲೆ ಒಮ್ಮೆ ಬೇಲೂರಿಗೆ ಹೋಗಿದ್ದೆ. ನಾನು ಕೇಳದೆಯೇ ನಾಗಮ್ಮ ಪ್ಲೇಟು ಹಾಕಿದರು. ಉಕ್ಕಿನ ಸೂಜಿ ದಿನವೂ ಓಡಿ ಓಡಿ ಗೆರೆಗಳು ಸವೆದಿದ್ದವು. ಬೆಕ್ಕು, ತುಪ್ಪ, ಗಿರಿಯಪ್ಪನವರ ದನಿ, ಯಾವುದೂ ತಿಳಿಯುತ್ತಿರಲಿಲ್ಲ. ಬರೀ ಸರಸರ ಸದ್ದು. ನಾನು ತಲೆ ತಗ್ಗಿಸಿ ಕೂತಿದ್ದೆ. ಸೂಜಿ ಆ ಜಾಗಕ್ಕೆ ಬಂದಾಗ ನಾಗಮ್ಮ ನಕ್ಕರು.