ಶ್ರೀಕಂಠ ಅವರ ಮೊದಲ ಬ್ಯಾಚ್

ನನ್ನ ಗಂಡ ಶ್ರೀಕಂಠ ಅವರನ್ನು ಪರಿಚಯಿಸಬೇಕೆಂದರೆ ನಮ್ಮ ಮನೆಯ ಸಾಸಿವೆ ಡಬ್ಬಿಯಿಂದಲೇ ಶುರುಮಾಡಬೇಕು. ಅದರ ಮೇಲೊಂದು ಚೀಟಿ ಅಂಟಿಸಿದ್ದಾರೆ: ತೆರೆದ ದಿನಾಂಕ, ಮುಗಿಸಬೇಕಾದ ದಿನಾಂಕ, ತೆರೆದವರ ಸಹಿ. ಐರ್ಲೆಂಡಿನ ಕಾರ್ಕ್ ಊರಿನ ಒಂದು ಔಷಧ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಅವರಿಗೆ ಕ್ವಾಲಿಟಿ ತಪಾಸಣೆಯ ಕೆಲಸ. ಅಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡಿ ಸಹಿ ಹಾಕದೆ ಒಂದು ಮಾತ್ರೆಯೂ ಹೊರಗೆ ಹೋಗುವುದಿಲ್ಲವಂತೆ. ಸಂತೋಷ. ಆದರೆ ಸಾರಿಗೆ ಉಪ್ಪು ಹಾಕಿದರೂ "ಎಷ್ಟು ಗ್ರಾಮ್? ಯಾರು ಚೆಕ್ ಮಾಡಿದ್ರು?" ಎನ್ನುವ ಮಹಾನುಭಾವರ ಜೊತೆ ಸಂಸಾರ ಮಾಡುವವಳ ಗತಿ ಏನು?

ಲಾಕ್‌ಡೌನ್ ಬಂದಾಗ ಬೀದಿಯವರೆಲ್ಲ ಬ್ರೆಡ್ ಮಾಡಲು ಕಲಿತರು. ನಮ್ಮವರು ರೈಫಲ್‌ಗೆ ಲೈಸೆನ್ಸ್ ತಂದರು. ಮೈಸೂರಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಐದು ಗುಂಡು ಹೊಡೆದಿದ್ದರಂತೆ, ಅದರಲ್ಲೊಂದು ಹಲಗೆಗೂ ತಾಗಿತ್ತಂತೆ. ಅಂಥ ಪರಾಕ್ರಮ ವ್ಯರ್ಥವಾಗಬಾರದಲ್ಲ! ಕ್ಲಬ್ಬಿನ ಶೂಟಿಂಗ್ ರೇಂಜ್ ಅರವತ್ತು ಕಿಲೋಮೀಟರ್ ದೂರ, ಸರ್ಕಾರ ನಮ್ಮನ್ನು ಮನೆಯಿಂದಾಚೆ ಬಿಟ್ಟಿದ್ದು ಐದೇ ಕಿಲೋಮೀಟರ್. ಹಾಗಾಗಿ ರೈಫಲ್ ಕಬ್ಬಿಣದ ಬೀರುವಿನಲ್ಲಿ ಮಲಗಿತು, ಇವರು ಪುಸ್ತಕ ಹಿಡಿದು ಕೂತರು.

"ಅಂಗಡೀಲಿ ಸಿಗೋ ಕಾಡತೂಸು ಊರಿಗೆಲ್ಲ ಒಂದೇ ಅಳತೆ ಕಣೇ. ನನ್ನ ರೈಫಲ್‌ಗೆ ಏನು ಒಗ್ಗುತ್ತೆ ಅಂತ ನಾನೇ ಮಾಡಿ ನೋಡ್ಬೇಕು," ಎಂದು ದಿನಾ ಊಟದ ಹೊತ್ತಿಗೆ ಪಾಠ. ಹಿತ್ತಾಳೆಯ ಖಾಲಿ ಕೇಸಿನ ತಳಕ್ಕೆ ಕಿಡಿ ಕೊಡುವ ಪ್ರೈಮರ್ ಕೂರಿಸಬೇಕು, ಒಳಗೆ ಸಿಡಿಮದ್ದು ತೂಗಿ ಹಾಕಬೇಕು, ಬಾಯಿಗೆ ಬುಲೆಟ್ ಒತ್ತಬೇಕು. ಮೊದಲ ನಾಲ್ಕಕ್ಕೆ ಕಡಿಮೆ ಮದ್ದು, ಮುಂದಿನ ನಾಲ್ಕಕ್ಕೆ ಚೂರೇ ಚೂರು ಜಾಸ್ತಿ, ಹೀಗೆ ಒಟ್ಟು ಇಪ್ಪತ್ತು. ಹುಳಿ ಆರಿಹೋಗುತ್ತಿತ್ತು, ಪಾಠ ಮಾತ್ರ ಮುಗಿಯುತ್ತಿರಲಿಲ್ಲ.

ಪುಣ್ಯಕ್ಕೆ ಇದನ್ನೆಲ್ಲ ಮನೆಯಲ್ಲಿ ಮಾಡುವಂತಿರಲಿಲ್ಲ. ರೇಂಜಿನಲ್ಲೇ ಅದಕ್ಕೊಂದು ಕೋಣೆಯಿತ್ತು. ಎರಡನೆಯ ವರ್ಷದ ಅಕ್ಟೋಬರ್‌ನಲ್ಲಿ, ಎಲ್ಲ ತೆರೆದ ಮೇಲೆ, ಇವರು ರಜೆ ಹಾಕಿದ್ದು ಸರಿಯಾಗಿ ಆಯುಧಪೂಜೆಯ ದಿನ. ಹಬ್ಬದ ದಿನ ಒಬ್ಬಳೇ ಮನೆಯಲ್ಲಿ ಕೂರಲೇ? ಕಾರಿಗೆ, ಮಿಕ್ಸಿಗೆ, ಲ್ಯಾಪ್‌ಟಾಪಿಗೆ ಪೂಜೆ ಮುಗಿಸಿ, ಕುಂಕುಮದ ಭರಣಿಯನ್ನು ಬ್ಯಾಗಿಗೆ ಹಾಕಿಕೊಂಡು ನಾನೂ ಹೊರಟೆ.

ಕೋಣೆಯಲ್ಲಿ ಕಲಿಸುವವನು ಫಿನ್‌ಬಾರ್ ಎಂಬ ಎಪ್ಪತ್ತರ ಮುದುಕ. ಮೂವರಿಗೂ ಮಾಸ್ಕು. ಶ್ರೀಕಂಠ ಅವರು ಮನೆಯಿಂದಲೇ ಪ್ರಿಂಟ್ ಮಾಡಿ ತಂದಿದ್ದ ಫಾರಂ ತೆಗೆದರು. ಇಪ್ಪತ್ತು ಸಾಲು, ಪ್ರತಿ ಸಾಲಿನಲ್ಲೂ 'ಮಾಡಿದವರು', 'ನೋಡಿದವರು'. ಕೆಲಸ ಶುರುವಾಗುವ ಮೊದಲೇ ಎರಡೂ ಕಡೆ ತಾವೇ ಸಹಿ ಜಡಿದರು.

"ಇದೇನ್ರೀ, ಎರಡೂ ನಿಮ್ದೇ?"

"ಇಲ್ಲಿ ಇನ್ಯಾರಿದಾರೆ? ಟೈಮ್ ಉಳಿಯುತ್ತೆ. ನೀನು ಸುಮ್ನಿರು."

ಫಿನ್‌ಬಾರ್ ಒಂದು ಟಾರ್ಚ್ ಕೊಟ್ಟ. ಬುಲೆಟ್ ಕೂರಿಸುವ ಮೊದಲು ಪ್ರತಿ ಕೇಸಿನೊಳಗೂ ಬೆಳಕು ಬಿಟ್ಟು ನೋಡು ಎಂದ. "ಅದು ಫಾರಂನಲ್ಲೇ ಇದೆ," ಎಂದು ಇವರು ಟಾರ್ಚನ್ನು ಪಕ್ಕಕ್ಕಿಟ್ಟರು.

ತೂಕ ಶುರುವಾಯಿತು. ನಾನು ಉಸಿರು ಬಿಗಿಹಿಡಿದು ಕೂತೆ. ಅರ್ಧ ದಾರಿಯಲ್ಲಿ ನನಗೆ ಸೀನು ಬಂತು. ಅದೂ ಒಂಟಿ ಸೀನು! ಅಬ್ಬಬ್ಬಾ, ಚಮಚ ಕೆಳಗಿಟ್ಟರು, ಎದ್ದು ನಿಂತರು. ಆಂಟಿಜೆನ್ ಟೆಸ್ಟ್ ಮಾಡಿಕೊಂಡೆಯಾ, ಏಕಾಗ್ರತೆ ಎಂದರೇನು ಗೊತ್ತಾ, ಕಾರ್ಖಾನೆಯಲ್ಲಾಗಿದ್ದರೆ ನಿನ್ನನ್ನು ಆಚೆ ಕಳಿಸುತ್ತಿದ್ದರು ಎಂದು ಐದು ನಿಮಿಷ ಉಪನ್ಯಾಸ. ಆಮೇಲೆ ಕೂತು ಮುಂದುವರಿಸಿದರು.

ಇಪ್ಪತ್ತೂ ಸಿದ್ಧವಾದವು. ಡಬ್ಬಿಯಲ್ಲಿ ತಳ ಮೇಲಾಗಿ ನಿಲ್ಲಿಸಿ, ಇಬ್ಬರೂ ಗುರಿಯ ಕಾಗದ ಕಟ್ಟಲು ಹೋದರು. ನಾನು ನೋಡಿದೆ. ಮಿಕ್ಸಿಗೆ ಪೂಜೆ ಮಾಡಿದ್ದೇನೆ, ನಿಜವಾದ ಆಯುಧಕ್ಕೆ ಬೇಡವೇ? ಉಂಗುರದ ಬೆರಳಿನಿಂದ ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟೆ. ಇವರು ನೆಟ್ಟಗೆ ಮನೆಗೆ ಬರಲಿ ಎಂದೇ ಬೇಡಿಕೊಂಡೆ, ಸುಳ್ಳೇಕೆ ಹೇಳಲಿ.

ಬಂದು ನೋಡಿದವರೇ, "ಏನ್ ಮಾಡ್ದೆ ವಾಸಂತಿ!"

"ಬಟ್ಟೇಲಿ ಒರೆಸಿದರಾಯಿತು, ಗ್ರ್ಯಾಂಡ್," ಎಂದ ಫಿನ್‌ಬಾರ್. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ 'ಪರವಾಗಿಲ್ಲ'.

ಇವರು ಒಪ್ಪಬೇಕಲ್ಲ! "ಇಲ್ಲ. ನಾನಿಲ್ಲದಾಗ ಬೇರೆಯವರು ಮುಟ್ಟಿದಾರೆ. ಇಡೀ ಬ್ಯಾಚ್ ರಿಜೆಕ್ಟ್!" ಹಬ್ಬದ ದಿನ, ಗುರುತಿಲ್ಲದ ಮನುಷ್ಯನ ಮುಂದೆ. ನನಗೆ ಅಳು ಬಂತು. ಮಾಸ್ಕು ಇದ್ದದ್ದು ಒಳ್ಳೆಯದಾಯಿತು.

ಬಿಚ್ಚಲು ಸುತ್ತಿಗೆಯಂಥ ಒಂದು ಉಪಕರಣವಿತ್ತು. ಅದರೊಳಗೆ ಕಾಡತೂಸು ಸಿಕ್ಕಿಸಿ ಬಡಿದರೆ ಬುಲೆಟ್ ಕಳಚಿ, ಮದ್ದು ಕೆಳಗೆ ಸುರಿಯುತ್ತದೆ. ಒಂದೊಂದು ಏಟಿಗೂ ನನ್ನ ಕಡೆ ಒಂದು ನೋಟ. ಒಂದು, ಎರಡು, ಮೂರು, ಹತ್ತರ ತನಕ ನಾನು ಆ ನೋಟ ತಿಂದೆ.

ಹನ್ನೊಂದನೆಯದಕ್ಕೆ ಬಡಿದರು. ಬುಲೆಟ್ ಬಿತ್ತು. ಮದ್ದು ಬೀಳಲಿಲ್ಲ.

ಇನ್ನೊಮ್ಮೆ ಬಡಿದರು. ಕೇಸನ್ನು ತಲೆಕೆಳಗು ಮಾಡಿ ಅಂಗೈ ಮೇಲೆ ಕೊಡವಿದರು. ಏನೂ ಇಲ್ಲ. ನನ್ನ ಸೀನಿಗೆ ಎದ್ದಾಗ ಕೈಯಲ್ಲಿದ್ದದ್ದು ಹನ್ನೊಂದು. ಉಪನ್ಯಾಸ ಮುಗಿಸಿ ಕೂತು ತೂಗಿದ್ದು ಹನ್ನೆರಡಕ್ಕೆ.

ಫಿನ್‌ಬಾರ್ ನಿಧಾನವಾಗಿ ಹೇಳಿದ: ಮದ್ದಿಲ್ಲದಿದ್ದರೂ ಪ್ರೈಮರ್ ಸಿಡಿಯುತ್ತದೆ. ಆ ಕಿಡಿಯ ನೂಕಿಗೆ ಬುಲೆಟ್ ನಳಿಕೆಯ ಮಧ್ಯಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹೊಸಬ ಗುಂಡು ಹಾರಲಿಲ್ಲವೆಂದು ಇನ್ನೊಂದು ತುಂಬಿ ಹೊಡೆಯುತ್ತಾನೆ. ಆಗ ಮುಖದ ಮುಂದೆಯೇ ರೈಫಲ್ ಒಡೆಯುತ್ತದೆ. "ನನಗೆ ಗೊತ್ತಿದ್ದ ಒಬ್ಬನಿಗೆ ಈಗ ಒಂದೇ ಕಣ್ಣು," ಎಂದ.

ಫಾರಂ ಮೇಜಿನ ಮೇಲೇ ಇತ್ತು. ಹನ್ನೊಂದನೆಯ ಸಾಲಿನಲ್ಲಿ ಎರಡು ಸಹಿ, ಎರಡೂ ಮುದ್ದಾಗಿದ್ದವು.

ಹನ್ನೆರಡು ವರ್ಷದ ಉಪ್ಪು, ಸಾಸಿವೆ, ಚೀಟಿಗಳಿಗೆಲ್ಲ ಒಟ್ಟಿಗೆ ಜವಾಬು ಕೊಡಬಹುದಾಗಿದ್ದ ಗಳಿಗೆ. ಈ ಮನುಷ್ಯನ ಮೇಲೆ ಎಷ್ಟು ಸಿಟ್ಟಿತ್ತೋ, ಇವರಿಗೇನಾಗಿಬಿಡುತ್ತಿತ್ತೋ ಎಂಬ ಭಯವೂ ಅಷ್ಟೇ. "ಮನೆಗೆ ನಡೀರಿ," ಎಂದಷ್ಟೇ ಹೇಳಿದೆ.

ಅವರು ಪೆನ್ ತೆಗೆದರು. ಎಲ್ಲಿ ಏನು ತಪ್ಪಾದರೂ ಕಾರಣ ಬರೆಯದೆ ಏಳುವವರಲ್ಲ. 'ಹೆಂಡತಿ ಸೀನಿದಳು' ಎಂದು ಬರೆದಿದ್ದರೆ, ಆಣೆಗೂ, ಅಲ್ಲೇ ಬಿಟ್ಟು ಕಾರು ಹೊಡೆದುಕೊಂಡು ಬರುತ್ತಿದ್ದೆ. ಬಗ್ಗಿ ನೋಡಿದೆ. 'ನೋಡದೆ ಸಹಿ ಹಾಕಿದ್ದೇನೆ. ಶ್ರೀಕಂಠ' ಎಂದಿತ್ತು.

ಆಮೇಲೆ ಉಳಿದ ಒಂಬತ್ತನ್ನೂ ಬಿಚ್ಚಿ, ಹೊಸ ಫಾರಂ ತೆಗೆದು ಮೊದಲಿಂದ ತೂಗಿದರು. ಈ ಸಲ 'ನೋಡಿದವರು' ಖಾಲಿ. ಇಪ್ಪತ್ತೂ ಕೇಸುಗಳಿಗೆ ಮದ್ದು ತುಂಬಿ, ಬುಲೆಟ್ ಕೂರಿಸದೆ ಸಾಲಾಗಿ ನಿಲ್ಲಿಸಿ, ನನ್ನ ಮುಖ ನೋಡದೆ ಟಾರ್ಚ್ ಚಾಚಿದರು.

"ಸ್ವಲ್ಪ ನೋಡ್ತೀಯಾ?"

ಕನ್ನಡಕ ಒರೆಸಿಕೊಂಡೆ. ಅವರು ಕಾಯಲಿ ಎಂದು ನಿಧಾನವಾಗಿ, ಒಂದೊಂದರೊಳಗೂ ಬೆಳಕು ಬಿಟ್ಟು ನೋಡಿ, ಕನ್ನಡದಲ್ಲಿ ಸಹಿ ಹಾಕುತ್ತ ಹೋದೆ. ಹನ್ನೊಂದನೆಯದನ್ನು ಮೂರು ಸಲ ನೋಡಿದೆ.