ದಿಣ್ಣೆಯ ಮೇಲೆ ನಿಲ್ಲುತ್ತಿದ್ದ ಗಾಡಿ

ಆಯುಧ ಪೂಜೆಗೆಂದು ಕೊಟ್ಟಿಗೆ ಗುಡಿಸುತ್ತಿದ್ದಾಗ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಆ ಕಲ್ಲು ಸಿಕ್ಕಿತು. ನಾನೇ ತಂದಿಟ್ಟು ಮರೆತಿದ್ದ ಕಲ್ಲು. ಒಂದು ಮಗ್ಗುಲು ಟೈರು ಉಜ್ಜಿ ಉಜ್ಜಿ ಕರಿಹಿಡಿದಿದೆ. ಇನ್ನೊಂದು ಮಗ್ಗುಲಿನ ಕುಳಿಯಲ್ಲಿ ಹಳೆಯ ಕುಂಕುಮ ಇನ್ನೂ ಕೂತಿದೆ. ಮೂಗಿನ ಹತ್ತಿರ ಹಿಡಿದು ನೋಡಿದೆ. ಡೀಸೆಲ್ಲಿನ ವಾಸನೆ ಇತ್ತೋ, ಇದೆಯೆಂದು ನನಗೇ ಅನ್ನಿಸಿತೋ... ಹೇಳಲಾರೆ. ಪೊರಕೆಯನ್ನು ಅಲ್ಲೇ ಬಿಟ್ಟು ಜಗುಲಿಯ ಮೇಲೆ ಬಂದು ಕೂತುಬಿಟ್ಟೆ.

ಅದು ಪಕ್ಕದ ತೋಟದ ದೊಡ್ಡವ್ವನ ಕಲ್ಲು. ರಕ್ತಸಂಬಂಧದ ದೊಡ್ಡವ್ವನೇನಲ್ಲ. ನಮ್ಮ ಕಬ್ಬಿನ ಗದ್ದೆಗೂ ಅವಳ ತೆಂಗಿನ ತೋಟಕ್ಕೂ ನಡುವೆ ಒಂದು ಬದು, ಅಷ್ಟೇ ನೆಂಟಸ್ತಿಕೆ. ಕೆ.ಆರ್. ಪೇಟೆಗೂ ಪಾಂಡವಪುರಕ್ಕೂ ನಡುವೆ ಇರುವ ನಮ್ಮೂರಿನಲ್ಲಿ ಬದು ಹಂಚಿಕೊಂಡವರು ಒಂದೋ ಜನ್ಮದ ಜಗಳ ಹಂಚಿಕೊಳ್ಳುತ್ತಾರೆ, ಇಲ್ಲವೇ ಹೀಗೆ ದೊಡ್ಡವ್ವ ಚಿಕ್ಕವ್ವ ಆಗುತ್ತಾರೆ. ನನ್ನ ಪುಣ್ಯ, ನನಗೆ ದೊಡ್ಡವ್ವ ಸಿಕ್ಕಳು.

ಅವಳ ಟ್ರಾಕ್ಟರು ಅವಳ ಗಂಡ ಕೊಂಡದ್ದು. ತೆಂಗಿನ ಸಾಲುಗಳ ನಡುವೆ ತಿರುಗುವಂಥ ಪುಟ್ಟ ಗಾಡಿ. ಕೊಳ್ಳುವಾಗಲೇ ಅದಕ್ಕೆ ವಯಸ್ಸಾಗಿತ್ತು. ಕೀಲಿ ತಿರುಗಿಸಿದರೆ ಎಂಜಿನ್ ಎಬ್ಬಿಸುವ ಸೆಲ್ಫ್ ಕೆಲಸ ಮಾಡಿದ್ದನ್ನು ಊರಿನಲ್ಲಿ ಯಾರೂ ಕಂಡವರಿಲ್ಲ. ಬಿಸಿಲೇರಿದರೆ ರೇಡಿಯೇಟರು ಕುದಿಯುತ್ತಿತ್ತು. ಬ್ರೇಕು ಮನಸ್ಸಿದ್ದರೆ ಹಿಡಿಯುತ್ತಿತ್ತು. ಎಲ್ಲಿಂದಲೋ ತೊಟ್ಟಿಕ್ಕುವ ಎಣ್ಣೆ ತೋಟದ ದಾರಿಯುದ್ದಕ್ಕೂ ಚುಕ್ಕಿ ಇಡುತ್ತಿತ್ತು. ಡೀಸೆಲ್ ಟ್ಯಾಂಕಿನ ಮುಚ್ಚಳ ಎಂದೋ ಕಳೆದುಹೋಗಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಹುರಿ ಬಿಗಿದಿದ್ದರು. ಸೈಲೆನ್ಸರಿನ ಬಾಯಿಗೆ ಮಳೆ ಬೀಳದಂತೆ ತೆಂಗಿನ ಚಿಪ್ಪು ಕವುಚುತ್ತಿದ್ದರು. ಎಂಜಿನ್ ಎದ್ದ ಕೂಡಲೇ ಚಿಪ್ಪು ಹಾರಿ ಬೀಳುತ್ತಿತ್ತು. ಚಿಪ್ಪು ಹಾರಿತೆಂದರೆ ಆ ದಿನದ ಕೆಲಸ ಆಯಿತೆಂದೇ ಲೆಕ್ಕ.

ಸೆಲ್ಫ್ ಇಲ್ಲದ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿದರೆ ಕೆಟ್ಟಿರಿ. ಹಾಗಾಗಿ ದೊಡ್ಡವ್ವ ಎಷ್ಟೇ ದಣಿದಿರಲಿ, ಸಂಜೆ ಅದನ್ನು ಮನೆಯ ಪಕ್ಕದ ದಿಣ್ಣೆಗೆ ಹತ್ತಿಸಿ, ಚಕ್ರಕ್ಕೆ ಈ ಕಲ್ಲು ಕೊಟ್ಟೇ ಒಳಗೆ ಹೋಗುತ್ತಿದ್ದಳು. ಬೆಳಗ್ಗೆ ಕಲ್ಲು ತೆಗೆದು ಹಿಂದಿನಿಂದ ಒಂದಿಷ್ಟು ತಳ್ಳಿದರೆ ಗಾಡಿ ಇಳಿಜಾರಿನಲ್ಲಿ ಉರುಳಿ, ಅವಳು ಕ್ಲಚ್ಚು ಬಿಟ್ಟೊಡನೆ ಗುಡುಗಿಕೊಂಡು ಏಳುತ್ತಿತ್ತು. ಆ ಒಂದಿಷ್ಟಕ್ಕೆ ನಾನು ಬೇಕಾಗಿತ್ತು. ನಾನಿನ್ನೂ ಹಾಲು ಕರೆಯುತ್ತಿರುವಾಗಲೇ ಬದುವಿನ ಆಚೆಯಿಂದ ಕೂಗು ಬರುತ್ತಿತ್ತು.

"ಲೇ ಮಗಾ, ಒಸಿ ತಳ್ಕೊಡ್ ಬಾರ್ಲಾ!"

ಮಳೆಗಾಲದಲ್ಲಿ, ಹಬ್ಬದಲ್ಲಿ, ನನಗೆ ಜ್ವರ ಬಂದಾಗ ಕೂಡ ಅದೇ ಕೂಗು. ಎಷ್ಟೋ ಸಲ ಬೈದುಕೊಂಡೇ ಹೋಗಿದ್ದೇನೆ.

ಗಂಡ ತೀರಿಕೊಂಡ ಮೇಲೆ ಅವಳ ಮೈದುನ, ಅಂದರೆ ಗಂಡನ ತಮ್ಮ, ತೋಟವನ್ನು ವಾರಕ್ಕೆ ಕೇಳಿದ. ಉಳುವುದೂ ಬೆಳೆಯುವುದೂ ತನ್ನದು, ಬಂದದ್ದರಲ್ಲಿ ಅರ್ಧ ಅತ್ತಿಗೆಗೆ ಎಂಬ ಮಾತು. ಕೆಟ್ಟ ಮನುಷ್ಯನಲ್ಲ. ದೊಡ್ಡ ಟ್ರಾಕ್ಟರಿತ್ತು, ಕೈಯಲ್ಲಿ ಆಳುಗಳಿದ್ದರು, ಒಳ್ಳೆಯದಕ್ಕೇ ಕೇಳಿದ್ದ. ಆದರೆ ವಾರಕ್ಕೆ ಕೊಟ್ಟ ತೋಟದಲ್ಲಿ ಒಂದು ಎಳನೀರು ಕೀಳಬೇಕಾದರೂ ಇನ್ನೊಬ್ಬರ ಮುಖ ನೋಡಬೇಕು. ದೊಡ್ಡವ್ವನಿಗೆ ಅದು ಆಗದ ಮಾತು. ಹಿರಿಯರೆಲ್ಲ ಕೂತಿದ್ದ ಜಗುಲಿಯ ಮೇಲೇ ಹೇಳಿಬಿಟ್ಟಳು.

"ಈ ಗಾಡಿ ಏಳಕ್ಕಿಲ್ಲ ಅಂದ ದಿನ ತೋಟ ನಿಂದು ಕಣಪ್ಪ. ಅಲ್ಲೀಗಂಟ ನಂದು."

ಹಟಕ್ಕೆ ಆಡಿದ ಮಾತೋ, ಯೋಚಿಸಿ ಆಡಿದ್ದೋ ನಾನರಿಯೆ. ಊರಿಗೇನು, ಅಂದಿನಿಂದ ಅದೇ ಪಂಚಾಯ್ತಿ. ಗಾಡಿ ಕೆಮ್ಮಿದರೆ ಸಾಕು, ಕಟ್ಟೆಯ ಮೇಲಿದ್ದವರು ಕಿವಿ ನಿಮಿರಿಸುತ್ತಿದ್ದರು. ದೊಡ್ಡವ್ವ ಮಾತ್ರ ತಲೆ ಕೆಡಿಸಿಕೊಂಡವಳಲ್ಲ. ಗಂಡ ರಿಪೇರಿ ಮಾಡುವಾಗ ಪಕ್ಕದಲ್ಲಿ ಕೂತು ಸ್ಪ್ಯಾನರು ಕೊಟ್ಟು ಕೊಟ್ಟು ಅವಳಿಗೂ ಕೈ ಪಳಗಿತ್ತು. ಕೈಮೀರಿದ್ದಕ್ಕೆ ಕೆಟ್ಟ ಭಾಗವನ್ನೇ ಬಿಚ್ಚಿ ಹಳೆ ಸೀರೆಯಲ್ಲಿ ಸುತ್ತಿ, ಬಸ್ಸು ಹತ್ತಿ ನಾಗಮಂಗಲದ ಗುಜರಿ ಅಂಗಡಿಗೆ ಹೋಗಿ ಜೋಡಿ ಹುಡುಕಿಕೊಂಡು ಬರುತ್ತಿದ್ದಳು. ಮದುವೆಗೆ ಸೀರೆ ಆರಿಸುವವರ ಹಾಗೆ ಅಂಗಡಿಯವನ ರಾಶಿಯನ್ನೆಲ್ಲ ತಿರುವಿಹಾಕಿ ಬರುತ್ತಾಳೆಂದು ನಾವು ನಗುತ್ತಿದ್ದೆವು.

ಹೀಗಿರುವಾಗ ಒಂದು ಆಯುಧ ಪೂಜೆ ಬಂತು.

ನಮ್ಮ ಕಡೆ ಆ ಬೆಳಿಗ್ಗೆ ಎಲ್ಲರದೂ ಒಂದೇ ಕೆಲಸ, ಗಾಡಿ ತೊಳೆಯುವುದು. ವರ್ಷವೆಲ್ಲ ಧೂಳಿನಲ್ಲಿ ಬಿಟ್ಟು ಆ ಒಂದು ದಿನ ಮದುಮಗನಂತೆ ಮೀಯಿಸುತ್ತೇವೆ. ದೊಡ್ಡವ್ವನ ಮಗಳು ಹಬ್ಬಕ್ಕೆಂದು ಪಾಂಡವಪುರದ ಅತ್ತೆಮನೆಯಿಂದ ಬಂದಿದ್ದಳು. ಅಪ್ಪನ ಗಾಡಿಯೆಂಬ ಅಕ್ಕರೆಗೆ ಮೋಟಾರಿನ ಪೈಪನ್ನೇ ಹಿಡಿದು ಮೂಲೆಮೂಲೆಗೂ ನೀರು ಬಿಟ್ಟಳು. ಆಮೇಲೆ ಅರಿಶಿನ, ಕುಂಕುಮ, ಬಾಳೆಕಂದು, ಚೆಂಡುಹೂವು. ಸ್ಪ್ಯಾನರು, ಕುಡುಗೋಲು, ಮಚ್ಚುಗಳನ್ನೆಲ್ಲ ತೊಳೆದು ಮಣೆಯ ಮೇಲೆ ಜೋಡಿಸಿ ಪೂಜೆ ಮಾಡಿದರು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಗಾಡಿ ಮಾತ್ರ ನಿಂಬೆಹಣ್ಣು ಹತ್ತಿ, ಮಾರಮ್ಮನ ಗುಡಿ ಸುತ್ತಿ ಬರಬೇಕು. ಅಲ್ಲಿಗೆ ಪೂಜೆ ಮುಗಿದಂತೆ.

ಬೀದಿಯವರೆಲ್ಲ ನೆರೆದಿದ್ದರು, ಮೈದುನನೂ ಬಂದಿದ್ದ. ನಾನು ಕಲ್ಲು ತೆಗೆದು ತಳ್ಳಿದೆ. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಗಾಡಿ ಒಂದಿಷ್ಟು ಬಿಳಿ ಹೊಗೆ ಕಾರಿ, ಎರಡು ಸಲ ಕೆಮ್ಮಿ, ದಿಣ್ಣೆ ಇಳಿದು ಸಮತಟ್ಟಿಗೆ ಬಂದು ಸುಮ್ಮನೆ ನಿಂತುಬಿಟ್ಟಿತು. ಚಿಪ್ಪು ಹಾರಲಿಲ್ಲ. ಎಲ್ಲರ ಕಣ್ಣೂ ಮೈದುನನ ಮೇಲೆ.

"ಅತ್ಗೆ, ನಿಂತೋಯ್ತಲ್ಲ," ಅಂದ ಅವನು, ಮೆಲ್ಲಗೆ.

"ಗಾಡಿ ಇನ್ನೂ ಗುಡಿ ಸುತ್ತಿಲ್ಲ ಕಣಪ್ಪ. ಪೂಜೆ ಮುಗೀಲಿ, ಆಮೇಲ್ ಮಾತಾಡಾನ."

ಹಾಗೆಂದವಳು ಇಳಿದು ನೆಟ್ಟಗೆ ಮಣೆಯ ಹತ್ತಿರ ಹೋದಳು. ಅರಿಶಿನ ಕುಂಕುಮ ಮೆತ್ತಿದ್ದ ಸ್ಪ್ಯಾನರಿಗೆ ಕೈ ಹಾಕಿದಳು. ಬೀದಿಯ ಮುದುಕಿಯೊಬ್ಬಳು ಬಾಯಿ ಬಡಿದುಕೊಂಡಳು: "ಪೂಜೆಗ್ ಮಡಗಿರೋದ್ನ ಮುಟ್ತೀಯೇನವ್ವಾ! ಮನೆಗೆ ಒಳ್ಳೇದಾದದಾ?"

ದೊಡ್ಡವ್ವನ ಕೈ ಒಂದು ಗಳಿಗೆ ತಡೆಯಿತು. ದೈವಕ್ಕೆ ಹೆದರದ ಹೆಂಗಸೇನಲ್ಲ ಅವಳು. ಆಮೇಲೆ ಸ್ಪ್ಯಾನರನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. "ಇವತ್ತು ಮುಟ್ದೆ ಇದ್ರೆ ನಾಳೆ ಮುಟ್ಟಕ್ಕೆ ನಂಗೆ ಗಾಡಿನೇ ಇರಕ್ಕಿಲ್ಲ. ತಾಯಿ ನೋಡ್ಕತಾಳೆ ಬುಡು," ಅಂದವಳೇ ಎಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿದಾಗ ಮೊದಲು ಬಂದದ್ದು ಬರೀ ನೀರು. ಟ್ಯಾಂಕಿನ ಪ್ಲಾಸ್ಟಿಕ್ ಹಾಳೆಯ ಸಂದಿಯಿಂದ ಪೈಪಿನ ನೀರು ಡೀಸೆಲ್ಲಿಗೆ ಇಳಿದಿತ್ತು. ಮಗಳು ಸೆರಗು ಬಾಯಿಗಿಟ್ಟು ಅತ್ತಳು. "ಅಳ್ಬ್ಯಾಡ ಕಣೆ, ಒಂದ್ ಚೊಂಬು ತತ್ತಾ," ಅಂದಳು ದೊಡ್ಡವ್ವ. ನೀರೆಲ್ಲ ಬಸಿದು, ಪೈಪಿಗೆ ಹೊಕ್ಕ ಗಾಳಿ ಹೋಗುವವರೆಗೆ ಕೈಪಂಪು ಒತ್ತುತ್ತಲೇ ಇದ್ದಳು. ಗುಳ್ಳೆ, ಮತ್ತೆ ಗುಳ್ಳೆ... ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಅವಳ ಬೆರಳ ಮೇಲೆ ಹರಿಯಿತು.

ಈಗ ಗಾಡಿಯನ್ನು ಹಿಮ್ಮುಖವಾಗಿ ದಿಣ್ಣೆಗೆ ಹತ್ತಿಸಬೇಕು. ಐದಾರು ಮಂದಿ ಕೈ ಹಾಕಿದೆವು, ಅರ್ಧಕ್ಕೆ ಹೋಗಿ ಜಾರಿತು. ಆಗ ಮೈದುನ ಹೊಸ ಪಂಚೆಯನ್ನು ಎತ್ತಿಕಟ್ಟಿ ನನ್ನ ಪಕ್ಕ ಬಂದು ಹೆಗಲು ಕೊಟ್ಟ. ಗಾಡಿ ಹತ್ತಿತು, ಇಳಿಯಿತು, ಎದ್ದಿತು. ಚಿಪ್ಪು ಹಾರಿ ಅವನ ಕಾಲ ಬಳಿಯೇ ಬಿತ್ತು. ಅವನು ಅದನ್ನು ಎತ್ತಿ, ಒರೆಸಿ, ಜಗುಲಿಯ ಮೇಲಿಟ್ಟು ಮನೆಗೆ ಹೋದ.

ಅಲ್ಲಿಂದ ಮುಂದೆ ದೊಡ್ಡವ್ವ ಹಬ್ಬಕ್ಕೆ ಗಾಡಿ ತೊಳೆಯುವುದನ್ನು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದಳು. ವರ್ಷಗಳು ಕಳೆದವು. ಮೊಣಕಾಲು ಹಿಡಿದುಕೊಂಡಾಗಲೂ ನನ್ನ ಕೈಯಲ್ಲಿ ಸೀಟಿಗೆ ಹತ್ತಿಸಿಕೊಂಡು ಉತ್ತಳು. ಕೊನೆಗೆ ಒಂದು ಮಾಗಿಯಲ್ಲಿ ಮಲಗಿದವಳು ಏಳಲಿಲ್ಲ. ಆ ಹೊತ್ತಿನಲ್ಲೂ ಗಾಡಿ ದಿಣ್ಣೆಯ ಮೇಲೆ, ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು, ಏಳಲು ತಯಾರಾಗಿಯೇ ನಿಂತಿತ್ತು.

ತಿಥಿ ಕಳೆದ ಮೇಲೆ ಮಗಳು ತೋಟವನ್ನು ಚಿಕ್ಕಪ್ಪನಿಗೇ ವಾರಕ್ಕೆ ಕೊಟ್ಟಳು. ಬೇರೆ ಇನ್ಯಾರಿಗೆ ಕೊಟ್ಟಾಳು? ಅವನ ದೊಡ್ಡ ಟ್ರಾಕ್ಟರು ಬರುತ್ತದೆಂದು ನಾನು ಕಾಯುತ್ತಿದ್ದೆ, ಒಳಗೊಳಗೇ ಸಿಟ್ಟೂ ಇತ್ತು. ಆದರೆ ಮೊದಲ ಹದ ಮಳೆ ಬಿದ್ದ ಬೆಳಿಗ್ಗೆ ಬದುವಿನ ಆಚೆಯಿಂದ ಕೂಗು ಕೇಳಿ ಹಾಲಿನ ಪಾತ್ರೆಯನ್ನು ಅಲ್ಲೇ ಇಟ್ಟು ಎದ್ದೆ.

"ಒಸಿ ತಳ್ಕೊಡ್ ಬಾರ್ಲಾ!"

ಮೈದುನ ಅತ್ತಿಗೆಯ ಗಾಡಿಯ ಮೇಲೆ ಕೂತಿದ್ದ. ನಾನು ಹೋಗಿ ಕಲ್ಲು ತೆಗೆದೆ. ಅವನೇ ಹೇಳಿದ, ನನ್ನ ಕಡೆ ತಿರುಗದೆ.

"ಇದು ನಿಂತೋದ್ರೆ ತೋಟ ನಂದಾಯ್ತದೆ ಕಣ್ಲಾ... ಬ್ಯಾಡ. ನಿಲ್ಲದು ಬ್ಯಾಡ."

ಅವನೂ ಆದಷ್ಟು ದಿನ ಓಡಿಸಿದ. ಹೋದ ವರ್ಷ ಎಂಜಿನ್ನೇ ಬಿರುಕು ಬಿಟ್ಟಿತು. ನಾಗಮಂಗಲದ ಗುಜರಿಯಲ್ಲೂ ಅದರ ಜೋಡಿ ಉಳಿದಿರಲಿಲ್ಲ. ಗುಜರಿಯ ಲಾರಿ ಬಂದು ಗಾಡಿಯನ್ನು ಒಯ್ದ ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲ. ದಿಣ್ಣೆಯ ಮೇಲೆ ಬರೀ ಕಲ್ಲು ಉಳಿದಿತ್ತು, ನಾನು ಎತ್ತಿಕೊಂಡು ಬಂದೆ.

ಇವತ್ತು ಊರೆಲ್ಲ ಪೈಪು ಹಿಡಿದು ಗಾಡಿ ತೊಳೆಯುತ್ತಿದೆ. ನಾನು ನನ್ನ ಟ್ರಾಕ್ಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆ ಕಲ್ಲನ್ನೂ ಒರೆಸಿ, ಸ್ಪ್ಯಾನರುಗಳ ಪಕ್ಕದಲ್ಲಿ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದೆ. ನನ್ನದು ಹೊಸ ಗಾಡಿ, ಕೀಲಿ ತಿರುಗಿಸಿದರೆ ಏಳುತ್ತದೆ, ಯಾರೂ ತಳ್ಳಬೇಕಾಗಿಲ್ಲ. ಈಗ ಬೆಳಿಗ್ಗೆ ಹಾಲು ಕರೆಯುವಾಗ ನನ್ನನ್ನು ಯಾರೂ ಕೂಗುವುದಿಲ್ಲ. ಆದರೂ ಕರೆಯುತ್ತ ಕರೆಯುತ್ತ ಒಂದು ಗಳಿಗೆ ಕೈ ನಿಲ್ಲಿಸಿ, ಬದುವಿನ ಕಡೆ ಕಿವಿ ಕೊಡುತ್ತೇನೆ...