ಒಂದು ಡ್ರಮ್ಮು ನೀರು, ಒಂದು ಹಿಡಿ ಅಕ್ಷತೆ

ನನ್ನ ಮಗನಿಗೆ ಆಗ ಏಳು ವರ್ಷ. ಅಲ್ಲಾಳಸಂದ್ರದ ನಮ್ಮ ಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡಂತೆ ಒಂದು ದೊಡ್ಡ ಅಪಾರ್ಟ್‌ಮೆಂಟು ಎದ್ದಿತ್ತು. ಅಲ್ಲಿನ ಕೆಲವು ಹುಡುಗರು ಇವನ ಕ್ಲಾಸಿನವರೇ. ಬೇಸಿಗೆಯ ಒಂದು ಭಾನುವಾರ ಅವರು ಕರೆದರೆಂದು ಇವನು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಅಲ್ಲಿನ ಸ್ವಿಮ್ಮಿಂಗ್ ಪೂಲಿಗೆ ಹೋದ. ಹತ್ತೇ ನಿಮಿಷಕ್ಕೆ ವಾಪಸ್ ಬಂದ. ಟವೆಲ್ಲು ಒಣಗಿಯೇ ಇತ್ತು.

"ಯಾಕೋ?"

"ಹೊರಗಿನವ್ರು ಇಳೀಬಾರ್ದಂತೆ ಅಪ್ಪ. ಬೋರ್ಡ್ ಹಾಕಿದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಪೂಲು ಇರುವ ಜಾಗದಲ್ಲಿ ನಮ್ಮಪ್ಪ ರಾಗಿ ಬೆಳೆದದ್ದನ್ನು ನಾನು ಕಣ್ಣಾರೆ ಕಂಡವನು. ಮಾರಿದ್ದೂ ನಾವೇ, ಆ ಮಾತು ಬೇರೆ. ಆದರೂ ನನ್ನ ಮಗ ಹೊರಗಿನವನಂತೆ! ಆ ಸಿಟ್ಟಿನಲ್ಲಿ ಬಾಯಿ ಸುಮ್ಮನಿರಬೇಕಲ್ಲ. "ಅವ್ರ ಪೂಲು ಯಾರಿಗ್ ಬೇಕು ಬಿಡೋ. ನಮ್ಮ ಹಿತ್ಲಲ್ಲೇ ವಾಟರ್ ಪಾರ್ಕ್ ಮಾಡ್ಕೊಡ್ತೀನಿ. ಶನಿವಾರ ಎಲ್ಲಾರ್ನೂ ಕರಿ" ಅಂದುಬಿಟ್ಟೆ.

ಅವನು ಮರುದಿನವೇ ಐದು ಜನರನ್ನು ಕರೆದ. ಆಮೇಲೆ ದಿನಾ ಒಂದೇ ಪ್ರಶ್ನೆ: "ಅಪ್ಪ, ಆಗುತ್ತಲ್ವಾ? ನಾನು ಎಲ್ಲಾರಿಗೂ ಹೇಳ್ಬಿಟ್ಟಿದೀನಿ." ಆಗದಿದ್ದರೆ ಅವನು ಕ್ಲಾಸಿನಲ್ಲಿ ತಲೆ ಎತ್ತುವ ಹಾಗಿಲ್ಲ ಎನ್ನುವುದು ಅವನ ಮುಖದಲ್ಲೇ ಬರೆದಿತ್ತು.

ನಾನು ಹೆಬ್ಬಾಳದ ಕಡೆ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಕೈಕೆಲಸ ಅಂದರೆ ನನಗೊಂದು ಜಂಭ. ಪಿವಿಸಿ ಪೈಪು ಕತ್ತರಿಸಿ, ಮೂಲೆಗೊಂದು ಎಲ್ಬೋ ಕೂರಿಸಿ, ಮಕ್ಕಳು ಕೆಳಗೆ ನುಸುಳಿ ಓಡುವಷ್ಟು ಎತ್ತರದ, ಬಾಗಿಲಿನಂಥ ಚೌಕಟ್ಟು ಮಾಡಿದೆ. ಅದಕ್ಕೆ ಸಣ್ಣ ಡ್ರಿಲ್ಲಿನಿಂದ ನಲವತ್ತು ತೂತು. ನೆಲಕ್ಕೆ ಯಾವನೋ ಲೀಡರಿನ ಹುಟ್ಟುಹಬ್ಬದ ಹಳೆಯ ಫ್ಲೆಕ್ಸು. ಅದರ ಮೇಲೆ ಸೋಪಿನ ನೀರು ಹಾಕಿದರೆ ಮಕ್ಕಳು ಲೀಡರಿನ ಮೀಸೆಯಿಂದ ನಮಸ್ಕಾರದ ಕೈಗಳವರೆಗೆ ಸುಯ್ಯನೆ ಜಾರಬಹುದು. ತಾರಸಿಯ ಮೇಲೆ ನೀಲಿ ಡ್ರಮ್ಮು, ಅಲ್ಲಿಂದ ಕೆಳಗೆ ಪೈಪು, ಪೈಪಿನ ಬುಡದಲ್ಲಿ ವಾಲ್ವು. ಎಲ್ಲಾ ಅಚ್ಚುಕಟ್ಟು. ಇಲ್ಲದ್ದು ನೀರು ಮಾತ್ರ.

ಬೋರು ಹದಿನೈದು ದಿನದಿಂದ ಬರೀ ಗಾಳಿ ಕೆಮ್ಮುತ್ತಿತ್ತು. ಕಾವೇರಿ ನೀರು ಮೂರು ದಿನಕ್ಕೊಮ್ಮೆ, ಅದೂ ದಾರದಂತೆ. ಟ್ಯಾಂಕರಿನವನು "ನಾಳೆ ಪಕ್ಕಾ ಸಾರ್" ಅನ್ನುತ್ತಲೇ ವಾರ ಕಳೆದ. "ಪಾತ್ರೆ ತೊಳೆಯೋಕೆ ಗತಿಯಿಲ್ಲ, ಇವ್ರು ಕಾರಂಜಿ ಬಿಡ್ತಾರಂತೆ" ಎಂದು ಹೆಂಡತಿ ಚುಚ್ಚಿದಳು. ಚುಚ್ಚುತ್ತಲೇ ಬಿಂದಿಗೆ ಹೊತ್ತು ತಾರಸಿ ಹತ್ತಿದವಳೂ ಅವಳೇ. ನಮ್ಮವ್ವ ಎರಡು ದಿನ ಸ್ನಾನ ಬಿಟ್ಟಳು. ಹೀಗೆ ಬಿಂದಿಗೆ ಬಿಂದಿಗೆಯಾಗಿ ಒಂದು ಡ್ರಮ್ಮು ತುಂಬಿತು. ಇದ್ದದ್ದು ಅಷ್ಟೇ.

ಶನಿವಾರ ಮಧ್ಯಾಹ್ನ ಅವ್ವ ಅಡ್ಡ ನಿಂತಳು. "ಒಸ ನೀರು ಬಿಡೋ ಮುಂದೆ ಗಂಗಮ್ಮನ್ನ ಮಾಡ್ದೆ ಬಿಡಬಾರ್ದು ಕಣಪ್ಪ." ಬೋರು ಕೊರೆಸಿದಾಗ, ಸಂಪು ಕಟ್ಟಿಸಿದಾಗ, ಕೊನೆಗೆ ನಲ್ಲಿ ಬದಲಾಯಿಸಿದಾಗಲೂ ಅವಳು ಗಂಗೆ ಪೂಜೆ ಬಿಟ್ಟವಳಲ್ಲ. "ಬೇಗ ಮುಗ್ಸವ್ವ" ಎಂದು ನಾನು ಮಕ್ಕಳನ್ನು ಕರೆತರಲು ಗೇಟಿಗೆ ಹೋದೆ. ಮಂಡಿನೋವಿನ ಮುದುಕಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದದ್ದನ್ನು ನೋಡಿದೆ. ಮೇಲೆ ಏನು ಮಾಡಿದಳೆಂದು ನೋಡಲಿಲ್ಲ.

ಆರು ಮಕ್ಕಳು ಚಡ್ಡಿಯಲ್ಲಿ ಸಾಲಾಗಿ ನಿಂತರು. "ಒನ್, ಟೂ, ತ್ರೀ" ಅಂದ ನನ್ನ ಮಗ. ವಾಲ್ವು ತಿರುಗಿಸಿದೆ. ನಲವತ್ತು ತೂತಿನಿಂದಲೂ ನೀರು ಚಿಮ್ಮಿತು. ಅಬ್ಬಾ, ಆ ಕಿರುಚಾಟ! ಒಂದು ನಿಮಿಷವೂ ಆಗಿರಲಿಲ್ಲ. ನಲವತ್ತು ಧಾರೆ ಇಪ್ಪತ್ತಾಯಿತು, ಹತ್ತಾಯಿತು, ಆಮೇಲೆ ಎರಡೇ ಎರಡು ಕಡೆ ತೊಟ್ಟಿಕ್ಕತೊಡಗಿತು. ಏನಾಯಿತೆಂದು ನನಗೆ ಹೊಳೆಯಲಿಲ್ಲ. ಗಾಬರಿಯಲ್ಲಿ ಪೈಪಿನ ತುದಿಯ ಮುಚ್ಚಳ ಕಿತ್ತೆ. ನೀರಿನ ಜೊತೆ ಅರಿಸಿನ ಹಚ್ಚಿದ ಅಕ್ಕಿ ಬಂತು. ಅಕ್ಷತೆ! ಎಲ್ಲ ಕಾಳೂ ಹೊರಬರಲಿ ಎಂದು ನೀರನ್ನು ಹರಿಯಬಿಟ್ಟೆ. ನನ್ನ ಬುದ್ಧಿಗಿಷ್ಟು. ಕಾಳು ನಿಂತಿತು, ಅದರ ಹಿಂದೆಯೇ ನೀರೂ ನಿಂತಿತು.

"ಅವ್ವ! ತಲೆ ಕೆಟ್ಟಿದ್ಯಾ ನಿಂಗೆ? ಅಕ್ಕಿ ಹಾಕು ಅಂತ ಯಾರ್ ಹೇಳಿದ್ರು?" ಅಷ್ಟೂ ಮಕ್ಕಳೆದುರು ಕೂಗಿದೆ.

ಅವಳು ಸೆರಗು ಹಿಡಿದು ನಿಂತಳು. "ಮಕ್ಳು ತಣ್ಣಗಿರ್ಲಿ ಅಂತ ಒಂದಿಡಿ ಆಕ್ದೆ ಕಣಪ್ಪ."

ನಾನು ವಾಲ್ವು ಮುಚ್ಚಿ ತಾರಸಿಗೆ ಓಡಿದೆ, ಮಗನೂ ಹಿಂದೆಯೇ ಬಂದ. ಇಬ್ಬರೂ ಡ್ರಮ್ಮಿನೊಳಗೆ ಬಗ್ಗಿ ನೋಡಿದೆವು. ತಳದಲ್ಲಿ ನಾಲ್ಕು ಚೆಂಡುಹೂವಿನ ಎಸಳು ಅಂಟಿಕೊಂಡಿದ್ದವು. ಟ್ಯಾಂಕರಿನವನಿಗೆ ಫೋನು ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ. ಮಗ ನನ್ನ ಮುಖವನ್ನೇ ನೋಡುತ್ತಿದ್ದ. ಮಾಡಲು ಇನ್ನೇನೂ ಉಳಿದಿರಲಿಲ್ಲ.

ಕೆಳಗಿಳಿದರೆ ಅವ್ವ ಪೈಪಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ತೆಗೆದು, ಒಂದೊಂದೇ ತೂತಿನಿಂದ ಊದಿಕೊಂಡ ಅಕ್ಕಿಕಾಳು ಕೀಳುತ್ತಿದ್ದಳು. "ಐದು ನಿಮ್ಸ ತಡೀರಪ್ಪ ಮಕ್ಳಾ, ಐದೇ ನಿಮ್ಸ" ಅನ್ನುತ್ತಿದ್ದಳು. ಮಕ್ಕಳು ಸ್ವಲ್ಪ ಹೊತ್ತು ನಿಂತರು. ಆಮೇಲೆ ಗೋಡೆಯಾಚೆಯ ಬಾಲ್ಕನಿಯಿಂದ ಯಾರದೋ ಅಮ್ಮ ಕೂಗಿದಳು, ಪೂಲಿನ ಟೈಮಾಯಿತಂತೆ. "ಬೈ ಅಂಕಲ್" ಎಂದು ಐವರೂ ಹೊರಟರು. ಗೇಟು ದಾಟಿದ ಮೇಲೆ ಒಬ್ಬ ನಕ್ಕದ್ದು ನಮಗೆ ಕೇಳಿಸಿತು.

ಮಗ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವ್ವ ಮಾತ್ರ ತಲೆ ಎತ್ತಿರಲಿಲ್ಲ. ಮುಖಕ್ಕೆ ತೀರಾ ಹತ್ತಿರ ಪೈಪು ಹಿಡಿದು ಚುಚ್ಚುತ್ತಲೇ ಇದ್ದಳು. ನಾನು ವಾಲ್ವು ಮುಚ್ಚಿದ್ದಕ್ಕೆ ನೀರು ನಿಂತಿದೆ ಎಂದುಕೊಂಡಿದ್ದಳು, ಡ್ರಮ್ಮು ಖಾಲಿಯಾದದ್ದು ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಆಗಷ್ಟೇ ಅಷ್ಟು ಕೂಗಿದ ಬಾಯಿಂದ ಆ ಮಾತು ಹೊರಡಲಿಲ್ಲ.

ಕೊನೆಗೆ ಅವಳು ಮುಚ್ಚಳ ತಿರುಗಿಸಿ ಕೂರಿಸಿದಳು. ಪಿನ್ನನ್ನು ಸೆರಗಿನಲ್ಲಿ ಒರೆಸಿ ಬಳೆಗೆ ಸಿಕ್ಕಿಸಿಕೊಂಡಳು. "ಎಲ್ಲಾ ಬಿಚ್ಕಂಡ್ವು ಕಣಪ್ಪ. ಈಗ ಬಿಡು ನೀರ."

ನಾನು ವಾಲ್ವಿನ ಮೇಲೆ ಕೈಯಿಟ್ಟೆ, ತಿರುಗಿಸಲಿಲ್ಲ. ಮಗ ನನ್ನನ್ನೊಮ್ಮೆ ನೋಡಿದ, ಅಜ್ಜಿಯನ್ನೊಮ್ಮೆ ನೋಡಿದ. ಹೋಗಿ ಆ ಪೈಪಿನ ಬಾಗಿಲ ಕೆಳಗೆ ನಿಂತು ಗಟ್ಟಿಯಾಗಿ ಕಣ್ಣು ಮುಚ್ಚಿದ.

"ಬಿಡಪ್ಪ" ಅಂದ.

ನಾನು ವಾಲ್ವು ತಿರುಗಿಸಿದೆ.